ಕಂಕುಳಿನ ಗಂಟುಗಳು: ಎರಡನೇ ಆಪರೇಷನ್ ಬೇಕಾ, ಬೇಡವಾ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಾಣಿಸಿತು. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ಕಂಕುಳಿನ ಒಂದೆರಡು ಗಂಟುಗಳಲ್ಲೂ (ಡಾಕ್ಟರುಗಳ ಮಾತಿನಲ್ಲಿ ಲಿಂಫ್ ನೋಡ್) ಕ್ಯಾನ್ಸರ್ ಸಿಕ್ಕಿದೆ. ಈಗ ಮತ್ತೆ ಆಪರೇಷನ್ ಮಾಡಿಸಿ ಉಳಿದ ಗಂಟುಗಳನ್ನೆಲ್ಲ ತೆಗೆಸಬೇಕಾ? ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 48 ವರ್ಷ. ಮುಟ್ಟು ಇನ್ನೂ ನಿಂತಿಲ್ಲ. ಮೂರು ವಾರದ ಹಿಂದೆ ಬಲ ಸ್ತನದ ಗಡ್ಡೆ ತೆಗೆದರು, ಸ್ತನ ಉಳಿಸಿದ್ದಾರೆ. ಗಡ್ಡೆ 2.2 ಸೆಂ.ಮೀ. ಇತ್ತು. ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಜಾತಿ), ಹರ್-2 ಅನ್ನುವ ಪ್ರೋಟೀನ್ ನೆಗೆಟಿವ್, ಗ್ರೇಡ್ 2 (ಮಧ್ಯಮ ಉಗ್ರತೆ). ಕಂಕುಳಿನಿಂದ ಮೂರು ಸೆಂಟಿನೆಲ್ ನೋಡ್ (ಗಡ್ಡೆಯಿಂದ ಹೋದರೆ ಮೊದಲು ಸಿಗುವ ಗಂಟುಗಳು) ತೆಗೆದಿದ್ದರು, ಅದರಲ್ಲಿ ಒಂದರಲ್ಲಿ 4 ಮಿ.ಮೀ. ಕ್ಯಾನ್ಸರ್ ಇದೆಯಂತೆ. ಸರ್ಜನ್ ಹೇಳಿದರು, "ಮತ್ತೆ ಆಪರೇಷನ್ ಮಾಡಿ ಉಳಿದದ್ದನ್ನೂ ತೆಗೆಯಬಹುದು, ಇಲ್ಲದಿದ್ದರೆ ರೇಡಿಯೇಷನ್ ಸಾಕು, ಸೋಮವಾರ ಬಂದು ಹೇಳಿ" ಅಂತ. ಒಂದರಲ್ಲಿ ಇದ್ದರೆ ಉಳಿದದ್ದರಲ್ಲೂ ಇರುತ್ತೆ, ಗೊತ್ತಿದ್ದೂ ಯಾಕೆ ಬಿಡಬೇಕು ಅಂತ ಅಕ್ಕ ಕೇಳುತ್ತಾಳೆ. ನನಗೂ ಹಾಗೇ ಅನಿಸುತ್ತೆ. ಆದರೆ ನಾನು ಹೊಲಿಗೆ ಮಾಡಿ ಬದುಕುವವಳು. ಬಲಗೈ ಊದಿದರೆ ನನ್ನ ಗತಿ ಏನು? ಓದಿದವರು ಅವರು, ನಿರ್ಧಾರ ನನ್ನ ತಲೆಗೆ ಯಾಕೆ ಕಟ್ಟುತ್ತಾರೆ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಸರ್ಜನ್ ಜವಾಬ್ದಾರಿ ಜಾರಿಸಿಕೊಂಡಿಲ್ಲ. ಎರಡು ದಾರಿಯಲ್ಲೂ ಜೀವದ ಲೆಕ್ಕ ಒಂದೇ ಬರುತ್ತದೆ, ಕೈಗೆ ಆಗುವ ತೊಂದರೆಯ ಲೆಕ್ಕ ಮಾತ್ರ ಬೇರೆ. ಅಂಥ ಕಡೆ ಆ ಕೈ ಯಾರದೋ ಅವರನ್ನೇ ಕೇಳಬೇಕು. ಆದರೆ ಸುಮ್ನೆ "ನೀವೇ ಹೇಳಿ" ಅಂದರೆ ಸಾಲದು, ಯಾಕೆ ಕೇಳುತ್ತಿದ್ದೇನೆ ಅಂತ ಬಿಡಿಸಿ ಹೇಳಬೇಕಿತ್ತು. ಅದು ಆಗಿಲ್ಲ. ಆ ಕೆಲಸವನ್ನು ಇಲ್ಲಿ ನಾನು ಮಾಡಲು ನೋಡುತ್ತೇನೆ.

ನೀವು ಬರೆದ ವಿವರ ಅಷ್ಟೂ ಸರಿ ಇದ್ದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೇ ಆಪರೇಷನ್ ಮಾಡಿಸಿಕೊಳ್ಳುತ್ತಿರಲಿಲ್ಲ.

ಈಗ ಅಕ್ಕನ ಪ್ರಶ್ನೆ. ಅವರು ಕೇಳಿದ್ದು ತಪ್ಪಲ್ಲ. ಉಳಿದ ಗಂಟುಗಳಲ್ಲಿ ಇರಬಹುದು. ಎಷ್ಟು ಜನರಲ್ಲಿ ಇರುತ್ತದೆ ಅನ್ನುವುದೂ ಗೊತ್ತಿದೆ. ಅಮೆರಿಕದಲ್ಲಿ 1999ರಿಂದ 2004ರವರೆಗೆ ನಿಮ್ಮಂಥದ್ದೇ ಸ್ಥಿತಿಯ 891 ಹೆಂಗಸರನ್ನು ಒಂದು ಅಧ್ಯಯನಕ್ಕೆ ಸೇರಿಸಿದರು. ಸ್ತನ ಉಳಿಸಿದ ಆಪರೇಷನ್, ಒಂದು ಅಥವಾ ಎರಡು ಸೆಂಟಿನೆಲ್ ನೋಡ್‌ನಲ್ಲಿ ಕ್ಯಾನ್ಸರ್, ಆಮೇಲೆ ಇಡೀ ಸ್ತನಕ್ಕೆ ರೇಡಿಯೇಷನ್. ಅರ್ಧ ಜನಕ್ಕೆ ಕಂಕುಳಿನ ಗಂಟುಗಳನ್ನೆಲ್ಲ ತೆಗೆದರು, ಇನ್ನರ್ಧ ಜನಕ್ಕೆ ಮುಟ್ಟಲೇ ಇಲ್ಲ. ಡಾಕ್ಟರುಗಳು ಇದನ್ನು ಝಡ್ 0011 ಅಂತ ಕರೆಯುತ್ತಾರೆ. ತೆಗೆದವರಲ್ಲಿ 100ಕ್ಕೆ ಸುಮಾರು 27 ಜನರಿಗೆ ಉಳಿದ ಗಂಟುಗಳಲ್ಲೂ ಕ್ಯಾನ್ಸರ್ ಇತ್ತು. ಅಂದರೆ ಮುಟ್ಟದೆ ಬಿಟ್ಟವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನರ ಕಂಕುಳಲ್ಲಿ ಕ್ಯಾನ್ಸರ್ ಉಳಿದುಕೊಂಡಿತ್ತು.

ಇಷ್ಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮುಂದಿನದನ್ನೂ ಓದಿ. ಹತ್ತು ವರ್ಷ ಆದ ಮೇಲೆ ನೋಡಿದಾಗ, ಬಿಟ್ಟವರಲ್ಲಿ ಆ ಭಾಗದ ಗಂಟುಗಳಲ್ಲಿ ಕ್ಯಾನ್ಸರ್ ಮತ್ತೆ ಬಂದದ್ದು 100ಕ್ಕೆ 1.5 ಜನರಿಗೆ. ಎಲ್ಲ ತೆಗೆದವರಲ್ಲಿ 0.5. ಹತ್ತು ವರ್ಷ ಬದುಕಿದ್ದವರು ತೆಗೆದ ಗುಂಪಿನಲ್ಲಿ 83.6%, ಬಿಟ್ಟ ಗುಂಪಿನಲ್ಲಿ 86.3%. ಬಿಟ್ಟವರೇ ಜಾಸ್ತಿ ಬದುಕಿದರು ಅಂತ ಇದನ್ನು ಓದಬೇಡಿ, ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ತೆಗೆದದ್ದರಿಂದ ಜೀವಕ್ಕೆ ಲಾಭ ಆಗಲಿಲ್ಲ ಅಂತ ಓದಿ.

ಹಾಗಾದರೆ ಆ 27 ಜನರ ಕ್ಯಾನ್ಸರ್ ಎಲ್ಲಿ ಹೋಯಿತು? ಸ್ತನಕ್ಕೆ ಕೊಡುವ ರೇಡಿಯೇಷನ್ ಕಂಕುಳಿನ ಕೆಳಭಾಗಕ್ಕೂ ಒಂದಷ್ಟು ತಾಗುತ್ತದೆ. ಕೀಮೊ, ಹಾರ್ಮೋನ್ ಮಾತ್ರೆ ಇವು ರಕ್ತದಲ್ಲಿ ಹೋಗುವ ಔಷಧಿಗಳು, ಕಂಕುಳು ಅಂತ ಬಿಟ್ಟು ಹೋಗುವುದಿಲ್ಲ. ಉಳಿದಿದ್ದ ಚೂರುಪಾರನ್ನು ಇವೆಲ್ಲ ಸೇರಿ ಮುಗಿಸುತ್ತವೆ. ಇನ್ನೂ ಹಳೆಯ ಒಂದು ಅಧ್ಯಯನವಿದೆ, 1971ರಲ್ಲಿ ಶುರುವಾದದ್ದು, ಬರ್ನಾರ್ಡ್ ಫಿಶರ್ ಅನ್ನುವ ಸರ್ಜನ್ ಮುಂದೆ ನಿಂತು ನಡೆಸಿದ್ದು. ಆಗ ಇವತ್ತಿನ ಔಷಧಿಗಳೇ ಇರಲಿಲ್ಲ. ಕೈಗೆ ಗಂಟು ಸಿಗದ ಹೆಂಗಸರಲ್ಲಿ ಕಂಕುಳು ಪೂರ್ತಿ ತೆಗೆದು ನೋಡಿದರೆ 100ಕ್ಕೆ ಸುಮಾರು 40 ಜನರಿಗೆ ಕ್ಯಾನ್ಸರ್ ಇತ್ತು. ಸ್ತನ ಮಾತ್ರ ತೆಗೆದು, ಕಂಕುಳು ಮುಟ್ಟದೆ, ರೇಡಿಯೇಷನ್ನೂ ಕೊಡದೆ ಬಿಟ್ಟವರಲ್ಲಿ ಗಂಟು ಎದ್ದದ್ದು 18ರಿಂದ 19 ಜನರಿಗೆ. ಎದ್ದಾಗ ತೆಗೆದರು. 25 ವರ್ಷದ ನಂತರವೂ ಎರಡು ಗುಂಪಿನ ಆಯುಷ್ಯದಲ್ಲಿ ವ್ಯತ್ಯಾಸ ಬರಲಿಲ್ಲ.

ನನಗೆ ಇದು ಮೊದಲ ಸಲ ಅರ್ಥವಾದಾಗ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಕ್ಯಾನ್ಸರ್ ಮೊದಲು ಸ್ತನದಲ್ಲಿ, ಆಮೇಲೆ ಕಂಕುಳಲ್ಲಿ, ಅಲ್ಲಿಂದ ಮುಂದೆ ಮೈಗೆ, ಹೀಗೆ ಸಾಲಾಗಿ ಹೋಗುತ್ತದೆ, ಕಂಕುಳಲ್ಲೇ ತಡೆದರೆ ನಿಂತುಹೋಗುತ್ತದೆ ಅಂತ ನೂರು ವರ್ಷ ನಂಬಿದ್ದೆವು. ಹಾಗಲ್ಲ. ರಕ್ತದಲ್ಲಿ ಹೋಗುವುದು ಅದರ ಪಾಡಿಗೆ ಅದು ಹೋಗುತ್ತದೆ. ಕಂಕುಳಿನ ಗಂಟು ನಮಗೆ ಸುದ್ದಿ ಹೇಳುತ್ತದೆ: ಈ ಕ್ಯಾನ್ಸರ್ ಜಾಗ ಬಿಟ್ಟು ಹೊರಟಿದೆ, ಮೈಗೆಲ್ಲ ಔಷಧಿ ಬೇಕು ಅಂತ. ಆ ಸುದ್ದಿ ನಿಮಗೆ ಮೊದಲ ಮೂರು ಗಂಟಿನಲ್ಲೇ ಬಂದಾಗಿದೆ. ಸೆಂಟಿನೆಲ್ ಅಂದರೆ ಕಾವಲುಗಾರ. ಗಡ್ಡೆಯ ಹತ್ತಿರ ನೀಲಿ ಬಣ್ಣವನ್ನೋ ಸ್ವಲ್ಪ ವಿಕಿರಣ ಇರುವ ಔಷಧಿಯನ್ನೋ ಚುಚ್ಚಿ, ಅದು ಮೊದಲು ಯಾವ ಗಂಟಿಗೆ ಹೋಗಿ ಸೇರುತ್ತದೋ ಅದನ್ನು ಹುಡುಕಿ ತೆಗೆಯುತ್ತಾರೆ. ಆಪರೇಷನ್ ಆದ ಮೇಲೆ ಮೂತ್ರ ನೀಲಿ-ಹಸಿರು ಬಂದು ಹೆದರಿದ್ದರೆ, ಅದು ಆ ಬಣ್ಣವೇ.

ಇನ್ನು ಎರಡನೇ ಆಪರೇಷನ್ ಅಂದರೆ ಏನು ಅಂತ ಹೇಳಬೇಕು, ಯಾಕೆಂದರೆ "ಉಳಿದ ಗಂಟು ತೆಗೆಯುವುದು" ಅಂದಾಗ ಬುಟ್ಟಿಯಿಂದ ಕೆಟ್ಟ ಹಣ್ಣು ಆರಿಸಿದ ಹಾಗೆ ಕೇಳಿಸುತ್ತದೆ. ಒಳಗೆ ಗಂಟುಗಳು ಎದ್ದು ಕಾಣುವುದಿಲ್ಲ. ಕಂಕುಳು ತುಂಬ ಮೆತ್ತಗಿನ ಹಳದಿ ಕೊಬ್ಬು ಇರುತ್ತದೆ, ಗಂಟುಗಳು ಅದರೊಳಗೆ ಹುದುಗಿರುತ್ತವೆ. ಆ ಕೊಬ್ಬನ್ನೇ ಇಡಿಯಾಗಿ ಬಿಡಿಸಿ ತೆಗೆಯುತ್ತೇವೆ. ಎಷ್ಟು ಗಂಟು ಬಂತು ಅಂತ ಆಮೇಲೆ ಪೆಥಾಲಜಿಯವರು ಬೆರಳಲ್ಲಿ ಒತ್ತಿ ಒತ್ತಿ ಹುಡುಕಿ ಎಣಿಸುತ್ತಾರೆ. ಆ ಕೊಬ್ಬಿನ ನಡುವೆಯೇ ನರಗಳು ಹಾದುಹೋಗುತ್ತವೆ. ಭುಜದ ಮೂಳೆ ಹಿಡಿದಿಡುವ ಸ್ನಾಯುವಿನ ನರ ಒಂದು, ಬೆನ್ನಿನ ಸ್ನಾಯುವಿಗೆ ಹೋಗುವುದು ಇನ್ನೊಂದು. ಇವೆರಡನ್ನು ಜೋಪಾನ ಮಾಡುತ್ತೇವೆ. ತೋಳಿನ ಒಳಬದಿಯ ಚರ್ಮಕ್ಕೆ ಹೋಗುವ ತೆಳ್ಳನೆಯ ನರ ಮಾತ್ರ ಎಷ್ಟೋ ಸಲ ಉಳಿಯುವುದಿಲ್ಲ. ಆಗ ಅಲ್ಲಿ ಜೋಮು ಹಿಡಿದಂತೆ ಇರುತ್ತದೆ, ಕೆಲವರಿಗೆ ಅದು ಹೋಗುವುದೇ ಇಲ್ಲ. ಕೆಲವು ದಿನ ಡ್ರೇನ್ ನಳಿಕೆ ಇರುತ್ತದೆ. ನಳಿಕೆ ತೆಗೆದ ಮೇಲೂ ನೀರು ತುಂಬಿಕೊಳ್ಳಬಹುದು. ಕೈ ಎತ್ತಿದರೆ ಕಂಕುಳಿನಿಂದ ಮೊಣಕೈವರೆಗೆ ಒಳಗೊಂದು ದಾರ ಬಿಗಿದಂತೆ ಕೆಲವರಿಗೆ ಆಗುತ್ತದೆ, ಮುಟ್ಟಿದರೆ ಆ ದಾರ ಕೈಗೆ ಸಿಗುತ್ತದೆ.

ಮತ್ತೆ ಊತ. ನೀವು ಹೆದರಿರುವುದು ಇದಕ್ಕೇ ಅಲ್ವಾ? ಎಲ್ಲ ಗಂಟು ತೆಗೆದವರಲ್ಲಿ ಐದರಲ್ಲಿ ಒಬ್ಬರಿಗೆ ಕೈ ಊತ ಬರುತ್ತದೆ. ಸೆಂಟಿನೆಲ್ ಮಾತ್ರ ತೆಗೆದವರಲ್ಲಿ 100ಕ್ಕೆ 5-6 ಜನರಿಗೆ. ಆದರೆ ಗಂಟುಗಳಿಗೆ ರೇಡಿಯೇಷನ್ ಕೊಟ್ಟರೂ ಊತದ ಅಪಾಯ ಸ್ವಲ್ಪ ಏರುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಯುರೋಪಿನ ಅಮರೋಸ್ ಅನ್ನುವ ಅಧ್ಯಯನದಲ್ಲಿ ಎರಡನ್ನೂ ನೇರವಾಗಿ ಹೋಲಿಸಿದರು. ಐದು ವರ್ಷದ ಹೊತ್ತಿಗೆ ಪೂರ್ತಿ ತೆಗೆದವರಲ್ಲಿ 23%, ರೇಡಿಯೇಷನ್ ಪಡೆದವರಲ್ಲಿ 11% ಜನರಿಗೆ ಊತ ಇತ್ತು. ಕಂಕುಳಲ್ಲಿ ಕ್ಯಾನ್ಸರ್ ಮತ್ತೆ ಬಂದದ್ದು ಎರಡೂ ಕಡೆ 100ಕ್ಕೆ ಒಬ್ಬರ ಆಸುಪಾಸು. ದಿನವಿಡೀ ಮಷೀನ್ ಮುಂದೆ ಕೂತು ಬಲಗೈಯಲ್ಲಿ ಬಟ್ಟೆ ಸರಿಸುವವರಿಗೆ 23 ಮತ್ತು 11ರ ನಡುವಿನ ಅಂತರ ಸಣ್ಣದಲ್ಲ.

ಝಡ್ 0011 ಬಗ್ಗೆ ಒಂದು ಆಕ್ಷೇಪ ಇತ್ತು, ಸೇರಿಸಬೇಕು ಅಂದುಕೊಂಡಷ್ಟು ಜನ ಸೇರಲಿಲ್ಲ ಅಂತ. ನ್ಯಾಯವಾದ ಆಕ್ಷೇಪವೇ. ಆದರೆ 2024ರಲ್ಲಿ ಸೆನೊಮ್ಯಾಕ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಸ್ವೀಡನ್, ಡೆನ್ಮಾರ್ಕ್, ಜರ್ಮನಿ, ಗ್ರೀಸ್, ಇಟಲಿ ಸೇರಿ 2,500ಕ್ಕೂ ಹೆಚ್ಚು ಜನ. ಒಂದೆರಡು ಗಂಟಿನಲ್ಲಿ 2 ಮಿ.ಮೀ.ಗಿಂತ ದೊಡ್ಡ ಕ್ಯಾನ್ಸರ್ ಇದ್ದವರು, ಅಂದರೆ ನಿಮ್ಮ 4 ಮಿ.ಮೀ. ಅದರೊಳಗೇ ಬರುತ್ತದೆ. ಐದು ವರ್ಷಕ್ಕೆ ಕ್ಯಾನ್ಸರ್ ಮರಳದೆ ಇದ್ದವರು ಬಿಟ್ಟ ಗುಂಪಿನಲ್ಲಿ 89.7%, ತೆಗೆದ ಗುಂಪಿನಲ್ಲಿ 88.7%. ಇದರಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಗಂಟುಗಳ ಭಾಗಕ್ಕೂ ರೇಡಿಯೇಷನ್ ಕೊಟ್ಟಿದ್ದರು ಅನ್ನುವುದನ್ನು ಮರೆಯಬೇಡಿ. ಹಾಗಾಗಿ ಆಪರೇಷನ್ ಬೇಡ ಅಂದರೆ ರೇಡಿಯೇಷನ್ನೂ ಬೇಡ ಅಂತ ಅರ್ಥವಲ್ಲ. ಅದನ್ನು ಪೂರ್ತಿ ಮಾಡಿಸಿಕೊಳ್ಳಲೇಬೇಕು.

ಸೋಮವಾರ ಹೋದಾಗ ಒಂದು ಪ್ರಶ್ನೆ ಕೇಳಿ. ಚೀಟಿಯಲ್ಲಿ ಬರೆದುಕೊಂಡೇ ಹೋಗಿ, ಎದುರು ಕೂತಾಗ ಮರೆತುಹೋಗುತ್ತದೆ. "ಉಳಿದ ಗಂಟು ತೆಗೆದು ನೋಡಿದರೆ ನನ್ನ ಮುಂದಿನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಏನೂ ಇಲ್ಲ ಅಂದರೆ ನಿಮ್ಮ ಉತ್ತರ ಸಿಕ್ಕಿತು. ಬದಲಾಗುತ್ತದೆ ಅಂದರೆ ಯಾವುದು ಅಂತ ಕೇಳಿ. ಹೆಚ್ಚಾಗಿ ಒಂದು ಮಾತ್ರೆಯ ವಿಷಯ ಬರಬಹುದು. ಅಬೆಮಾಸಿಕ್ಲಿಬ್ ಅನ್ನುವ ಮಾತ್ರೆಯನ್ನು ಹಾರ್ಮೋನ್ ಮಾತ್ರೆ ಜೊತೆ ಎರಡು ವರ್ಷ ಕೊಡುತ್ತಾರೆ. ನಾಲ್ಕು ಅಥವಾ ಹೆಚ್ಚು ಗಂಟಿನಲ್ಲಿ ಕ್ಯಾನ್ಸರ್ ಇದ್ದವರಿಗೆ ಅದು. ಒಂದರಿಂದ ಮೂರು ಗಂಟಿನಲ್ಲಿದ್ದರೆ ಗಡ್ಡೆ 5 ಸೆಂ.ಮೀ. ಆದರೂ ಇರಬೇಕು ಅಥವಾ ಗ್ರೇಡ್ 3 ಆದರೂ ಆಗಿರಬೇಕು. ನಿಮಗೆ ಎರಡೂ ಇಲ್ಲ. ಹಾಗಾಗಿ "ಎಲ್ಲ ತೆಗೆದು ಎಣಿಸೋಣ, ನಾಲ್ಕು ಸಿಕ್ಕಿದರೆ ಆ ಮಾತ್ರೆ ಕೊಡಬಹುದು" ಅನ್ನುವ ವಾದ ಇದೆ. ಸೆನೊಮ್ಯಾಕ್‌ನವರು ಈ ಲೆಕ್ಕವನ್ನೂ ಹಾಕಿದರು. ಐದು ವರ್ಷದಲ್ಲಿ ಒಬ್ಬರಿಗೆ ಕ್ಯಾನ್ಸರ್ ಮರಳುವುದನ್ನು ಈ ದಾರಿಯಲ್ಲಿ ತಪ್ಪಿಸಬೇಕಾದರೆ 104 ಜನರ ಕಂಕುಳು ಪೂರ್ತಿ ತೆಗೆಯಬೇಕಾಗುತ್ತದೆ, ಅವರಲ್ಲಿ ಒಂಬತ್ತು ಜನರ ಕೈ ಕೆಲಸಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಎಣಿಸುವುದಕ್ಕೋಸ್ಕರ ಕಂಕುಳು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಅದೇ ಜಾತಿಯ ಇನ್ನೊಂದು ಮಾತ್ರೆ, ರೈಬೋಸಿಕ್ಲಿಬ್, ಅದರ ಅಧ್ಯಯನದಲ್ಲಿ ಒಂದೇ ಗಂಟು ಪಾಸಿಟಿವ್ ಇದ್ದ ನಿಮ್ಮ ಹಂತದವರನ್ನೂ ಸೇರಿಸಿದ್ದರು. ಅದರ ಬಗ್ಗೆ ಮೆಡಿಕಲ್ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್‌ಗೆ ಔಷಧಿ ಕೊಡುವ ಡಾಕ್ಟರ ಹತ್ತಿರ ಮಾತಾಡಿ. ಮುಟ್ಟು ನಿಂತಿಲ್ಲದ ಕಾರಣ ಕೀಮೊ ಬಗ್ಗೆಯೂ ಅವರೇ ಹೇಳುತ್ತಾರೆ. ಅದಕ್ಕೆ ಒಂದು ಗಂಟಾ, ಎರಡಾ, ಮೂರಾ ಅನ್ನುವುದರಿಂದ ಹೆಚ್ಚೇನೂ ವ್ಯತ್ಯಾಸ ಬರುವುದಿಲ್ಲ.

ನಾನು ಹೇಳಿದ್ದೆಲ್ಲ ನಿಂತಿರುವುದು ಕೆಲವು ವಿಷಯಗಳ ಮೇಲೆ. ಆಪರೇಷನ್‌ಗೆ ಮೊದಲು ಕಂಕುಳಲ್ಲಿ ಗಂಟು ಕೈಗೆ ಸಿಗುತ್ತಿರಲಿಲ್ಲ. ಮೊದಲೇ ಕೀಮೊ ಕೊಟ್ಟಿರಲಿಲ್ಲ. ಪಾಸಿಟಿವ್ ಆದದ್ದು ಎರಡಕ್ಕಿಂತ ಹೆಚ್ಚಲ್ಲ. ಇಡೀ ಸ್ತನಕ್ಕೆ ರೇಡಿಯೇಷನ್ ಆಗುತ್ತದೆ. ಇದರಲ್ಲಿ ಒಂದು ತಪ್ಪಿದರೂ ಮಾತು ಬದಲಾಗುತ್ತದೆ. ಸೋಮವಾರವೇ ಹೇಳಬೇಕು ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ರೇಡಿಯೇಷನ್ ಡಾಕ್ಟರನ್ನು ನೋಡಿ ಬರುತ್ತೇನೆ, ಇನ್ನೊಂದು ವಾರ ಕೊಡಿ ಅಂದರೆ ನಷ್ಟವೇನೂ ಆಗುವುದಿಲ್ಲ. ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಭಯ ನಿಮ್ಮ ಕಿವಿಯಲ್ಲಿ ಉಳಿಯುವ ಬದಲು ಡಾಕ್ಟರ ಮುಂದೆ ಬರಲಿ.

ಪ್ರಶ್ನೆ: ನನಗೆ 56. ರೇಡಿಯೇಷನ್ ಬೇಡ ಅಂತಲೇ ಸ್ತನ ಪೂರ್ತಿ ತೆಗೆಸಿಕೊಂಡೆ. ಈಗ ನಾಲ್ಕು ಸೆಂಟಿನೆಲ್ ನೋಡ್‌ನಲ್ಲಿ ಎರಡು ಪಾಸಿಟಿವ್. ಒಂದೋ ರೇಡಿಯೇಷನ್, ಇಲ್ಲವೇ ಮತ್ತೆ ಆಪರೇಷನ್ ಅನ್ನುತ್ತಿದ್ದಾರೆ. ರೇಡಿಯೇಷನ್ ತಪ್ಪುವುದಾದರೆ ಆಪರೇಷನ್ನೇ ಆಗಲಿ ಅನಿಸುತ್ತಿದೆ. ಸರಿಯಾ?

ಉತ್ತರ: ಬೇಡ ಅಂತ ದೊಡ್ಡ ನಿರ್ಧಾರ ಮಾಡಿ ಸ್ತನವನ್ನೇ ಕೊಟ್ಟ ಮೇಲೆ, ಅದೇ ರೇಡಿಯೇಷನ್ ಮತ್ತೆ ಬಾಗಿಲಲ್ಲಿ ನಿಂತರೆ ಎಷ್ಟು ಸಂಕಟವಾಗುತ್ತದೆ ಅಂತ ಗೊತ್ತಾಗುತ್ತದೆ. ಆದರೂ ಒಂದು ನಿಮಿಷ ನಿಲ್ಲಿ. "ಆಪರೇಷನ್ ಮಾಡಿಸಿಕೊಂಡರೆ ರೇಡಿಯೇಷನ್ ಖಂಡಿತ ತಪ್ಪುತ್ತದಾ?" ಅಂತ ಇಬ್ಬರನ್ನೂ ಕೇಳಿ, ಸರ್ಜನ್‌ರನ್ನೂ ರೇಡಿಯೇಷನ್ ಡಾಕ್ಟರನ್ನೂ. ಸರ್ಜನ್ ಒಬ್ಬರೇ ಹೇಳಿದರೆ ಸಾಲದು, ಅದು ಅವರ ಕೈಯಲ್ಲಿಲ್ಲ. ಎಲ್ಲ ತೆಗೆದ ಮೇಲೆ ಒಟ್ಟು ನಾಲ್ಕು ಗಂಟು ಪಾಸಿಟಿವ್ ಆಯಿತು ಅಂದುಕೊಳ್ಳಿ. ಆಗ ರೇಡಿಯೇಷನ್ ಬೇಕೇ ಬೇಕು ಅನ್ನುತ್ತಾರೆ. ಎರಡೇ ಉಳಿದರೂ ನಿಮ್ಮ ಗಡ್ಡೆಯ ಗುಣ ನೋಡಿ ಬೇಕು ಅನ್ನಬಹುದು. ಕಂಕುಳು ಪೂರ್ತಿ ತೆಗೆದು, ಆಮೇಲೆ ಅದೇ ಜಾಗಕ್ಕೆ ರೇಡಿಯೇಷನ್ನೂ ಆದರೆ ಕೈ ಊತದ ಅಪಾಯ ಎಲ್ಲಕ್ಕಿಂತ ಜಾಸ್ತಿ. ತಪ್ಪಿಸಿಕೊಳ್ಳಲು ಹೋಗಿ ಎರಡೂ ಮೈಮೇಲೆ ಬರುವ ದಾರಿ ಇದು.

ಮೇಲಿನ ಪತ್ರದಲ್ಲಿ ಹೇಳಿದ ಝಡ್ 0011 ನಿಮಗೆ ಅನ್ವಯಿಸುವುದಿಲ್ಲ, ಅದರಲ್ಲಿ ಸ್ತನ ಉಳಿಸಿದವರು ಮಾತ್ರ ಇದ್ದರು. ಸೆನೊಮ್ಯಾಕ್ ಅನ್ವಯಿಸುತ್ತದೆ, ಅದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಸ್ತನ ಪೂರ್ತಿ ತೆಗೆಸಿಕೊಂಡವರೇ. ಹಾಗಾಗಿ ಸೆಂಟಿನೆಲ್‌ಗೆ ನಿಲ್ಲಿಸಿ ರೇಡಿಯೇಷನ್ ತೆಗೆದುಕೊಳ್ಳುವುದೇ ನನ್ನ ಸಲಹೆ. ರೇಡಿಯೇಷನ್ ಬೇಡವೇ ಬೇಡ ಅನ್ನಲು ನಿಮಗೆ ಬೇರೆ ಗಟ್ಟಿ ಕಾರಣ ಇದ್ದರೆ, ಉದಾಹರಣೆಗೆ ಮುಂಚೆ ಎದೆಗೆ ರೇಡಿಯೇಷನ್ ಆಗಿದ್ದರೆ, ಆಗ ಆಪರೇಷನ್ನಿಗೆ ಅರ್ಥ ಬರುತ್ತದೆ. ಎರಡನ್ನೂ ಬಿಟ್ಟು ಮನೆಗೆ ಹೋಗುವುದು ಮಾತ್ರ ಬೇಡ.

ಪ್ರಶ್ನೆ: ಒಂದೇ ಗಂಟು, ಅದರಲ್ಲಿ 1 ಮಿ.ಮೀ. ಮಾತ್ರ. ರಿಪೋರ್ಟ್‌ನಲ್ಲಿ ಮೈಕ್ರೊಮೆಟಾಸ್ಟಾಸಿಸ್ ಅಂತ ಬರೆದಿದ್ದಾರೆ. ಆಪರೇಷನ್ ಬೇಕಾ?

ಉತ್ತರ: ಬೇಡ. 0.2ರಿಂದ 2 ಮಿ.ಮೀ. ಒಳಗಿನದಕ್ಕೆ ಆ ಹೆಸರು. ಇದನ್ನೇ ನೋಡಲು ಮಾಡಿದ ಅಧ್ಯಯನದಲ್ಲಿ ಉಳಿದ ಗಂಟು ತೆಗೆದವರಿಗೂ ಬಿಟ್ಟವರಿಗೂ ಹತ್ತು ವರ್ಷದ ನಂತರವೂ ವ್ಯತ್ಯಾಸ ಕಾಣಲಿಲ್ಲ.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ 39 ವರ್ಷ. ಟ್ರಿಪಲ್ ನೆಗೆಟಿವ್, ಅಂದರೆ ಎರಡು ಹಾರ್ಮೋನ್‌ಗಳೂ ಹರ್-2ವೂ ನೆಗೆಟಿವ್. ಮೊದಲು ಕಂಕುಳಲ್ಲಿ ಗಂಟು ಕೈಗೆ ಸಿಗುತ್ತಿತ್ತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿತ್ತು. ಕೀಮೊ ಕೊಟ್ಟ ಮೇಲೆ ಗಂಟು ಮಾಯ. ಈಗ ಆಪರೇಷನ್‌ನಲ್ಲಿ ನಾಲ್ಕು ನೋಡ್ ತೆಗೆದರು, ಒಂದರಲ್ಲಿ 3 ಮಿ.ಮೀ. ಇನ್ನೂ ಇದೆಯಂತೆ. ಎಲ್ಲ ತೆಗೆಯಬೇಕು ಅನ್ನುತ್ತಿದ್ದಾರೆ. ಒಂದೆರಡು ಗಂಟಿದ್ದರೆ ಬೇಡ ಅಂತ ನಾನೇ ಎಷ್ಟೋ ಕಡೆ ಓದಿದ್ದೇನೆ. ಇವಳು ಇಷ್ಟು ಕಷ್ಟಪಟ್ಟಿದ್ದಾಳೆ, ಮತ್ತೆ ಥಿಯೇಟರ್‌ಗೆ ಕಳಿಸಲು ಮನಸ್ಸು ಬರುತ್ತಿಲ್ಲ.

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ನಿಮ್ಮ ಹೆಂಡತಿಯಂಥವರ ಬಗ್ಗೆ ಅಲ್ಲ. ಆ ಅಧ್ಯಯನಗಳಲ್ಲಿ ಇದ್ದವರಿಗೆ ಮೊದಲು ಆಪರೇಷನ್ ಆಗಿತ್ತು, ಔಷಧಿ ಆಮೇಲೆ ಬಂತು. ಉಳಿದ ಚೂರನ್ನು ಮುಗಿಸಲು ಮುಂದೆ ಔಷಧಿ ಕಾದಿತ್ತು. ಇವರಿಗೆ ಔಷಧಿ ಮೊದಲೇ ಹೋಗಿದೆ. ಈಗ ಗಂಟಿನಲ್ಲಿ ಉಳಿದಿರುವುದು ಆ ಕೀಮೊವನ್ನು ತಡೆದುಕೊಂಡು ಬದುಕಿದ ಜೀವಕೋಶಗಳು. ಎರಡೂ ರಿಪೋರ್ಟ್‌ನಲ್ಲಿ "ಒಂದು ಗಂಟು ಪಾಸಿಟಿವ್" ಅಂತಲೇ ಇರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಒಂದು ಉಳಿದಿರುವ ಕಡೆ ಇನ್ನೂ ಉಳಿದಿರುವ ಸಾಧ್ಯತೆ ಇಲ್ಲಿ ಹೆಚ್ಚು. ಇಂಥ ಕಡೆ ಆಪರೇಷನ್ ಬದಲು ರೇಡಿಯೇಷನ್ ಸಾಕಾಗುತ್ತದಾ ಅಂತ ನೋಡುವ ಅಧ್ಯಯನ ನಡೆದಿದೆ. ಆದರೂ ರೂಢಿಯಲ್ಲಿರುವ ಚಿಕಿತ್ಸೆ ಪೂರ್ತಿ ತೆಗೆಯುವುದೇ. ಟ್ರಿಪಲ್ ನೆಗೆಟಿವ್‌ನಲ್ಲಿ, ಅದೂ 39ರ ವಯಸ್ಸಿನಲ್ಲಿ, ನಿಮ್ಮ ಸರ್ಜನ್ ಹೇಳಿದ್ದು ಸರಿ ಅಂತ ನನಗನಿಸುತ್ತದೆ. ಮಾಡಿಸಿ. ನಾಲ್ಕು ನೋಡ್‌ನಲ್ಲೂ ಏನೂ ಸಿಗದೆ ಇದ್ದಿದ್ದರೆ, ಮೊದಲು ಬಯಾಪ್ಸಿ ಮಾಡಿದ ಗಂಟೂ ಅದರಲ್ಲಿ ಬಂದಿದ್ದರೆ, ಅಲ್ಲಿಗೇ ನಿಲ್ಲಿಸಿ ಅನ್ನುತ್ತಿದ್ದೆ.

ನಿಮಗೆ ಮಾಡಲು ಒಂದು ಕೆಲಸ ಹೇಳುತ್ತೇನೆ. ಆಪರೇಷನ್‌ಗೆ ಮೊದಲೇ ಒಂದು ಅಳತೆ ಟೇಪು ತೆಗೆದುಕೊಂಡು ಎರಡೂ ಕೈಯ ಸುತ್ತಳತೆ ಬರೆದಿಡಿ. ಮಣಿಕಟ್ಟು, ಮೊಣಕೈಗಿಂತ ಹತ್ತು ಸೆಂ.ಮೀ. ಕೆಳಗೆ, ಹತ್ತು ಸೆಂ.ಮೀ. ಮೇಲೆ. ಊತ ಕಣ್ಣಿಗೆ ಕಾಣುವ ಮೊದಲೇ ಟೇಪಿಗೆ ಸಿಗುತ್ತದೆ, ಬೇಗ ಸಿಕ್ಕಿದರೆ ಹಿಡಿತಕ್ಕೂ ಬರುತ್ತದೆ. ಮೊದಲಿನ ಅಳತೆ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು? ಇನ್ನೊಂದು, ಡಾಕ್ಟರು ಹೂಂ ಅಂದ ಮೇಲೆ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಮಾಡಿಸಿ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇಷ್ಟಿಷ್ಟೇ ಮೇಲಕ್ಕೆ ಹತ್ತಿಸುವುದು. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ನನ್ನ ಹತ್ತಿರ ಬಂದಿದ್ದ ಒಬ್ಬರ ಮನೆಯ ಗೋಡೆಯ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಮೊದಲ ಗೆರೆ ಭುಜದ ಮಟ್ಟಕ್ಕಿಂತ ಕೆಳಗೆ, ಕೊನೆಯದು ಸ್ವಿಚ್‌ಬೋರ್ಡ್ ದಾಟಿ ಒಂದು ಮೊಳ ಮೇಲೆ. ಗೆರೆಗಳೆಲ್ಲ ಗಂಡನ ಕೈಯವು, ಪಕ್ಕದಲ್ಲಿ ಅವರದೇ ಅಕ್ಷರ.

ಪ್ರಶ್ನೆ: 2006ರಲ್ಲಿ ನನಗೆ 16 ಗಂಟು ತೆಗೆದರು. ಒಂದರಲ್ಲಿ ಮಾತ್ರ ಕ್ಯಾನ್ಸರ್ ಇತ್ತು. ಎಡಗೈ ಊದಿಕೊಂಡೇ ಇದೆ. ಈಗ ಅದು ಬೇಕಿರಲಿಲ್ಲ ಅಂತ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನನಗೆ ಮಾಡಿದ್ದು ತಪ್ಪಾ?

ಉತ್ತರ: ಈ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಹೊಟ್ಟೆ ಉರಿ ನ್ಯಾಯವಾದದ್ದು, ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. 15 ಒಳ್ಳೆಯ ಗಂಟುಗಳು ಹೋದವು, ಜೊತೆಗೆ ಕೈಯೂ ಮೊದಲಿನಂತೆ ಉಳಿಯಲಿಲ್ಲ. ಆದರೆ 2006ರಲ್ಲಿ ನಿಮ್ಮನ್ನು ನೋಡಿದವರ ಮುಂದೆ ಈ ಅಂಕಿಗಳು ಇರಲಿಲ್ಲ. ಝಡ್ 0011ಗೆ ಜನರನ್ನು ಸೇರಿಸಿಕೊಳ್ಳುವುದು ಮುಗಿದು ಎರಡು ವರ್ಷವಾಗಿತ್ತು ಅಷ್ಟೇ, ಅದು ದೊಡ್ಡ ಪತ್ರಿಕೆಯಲ್ಲಿ ಬಂದದ್ದು 2011ರಲ್ಲಿ. ಆ ಹೊತ್ತಿಗೆ ಒಂದು ಗಂಟು ಪಾಸಿಟಿವ್ ಇದ್ದರೆ ಎಲ್ಲ ತೆಗೆಯುವುದೇ ಪಾಠ. ನಾನೂ ತೆಗೆದಿದ್ದೇನೆ. ಇವತ್ತು ಮೇಲಿನ ಹೊಲಿಗೆಯವರಿಗೆ ಬೇಡ ಅಂತ ಧೈರ್ಯವಾಗಿ ಹೇಳುತ್ತಿದ್ದೇನಲ್ಲ, ಅದು ನಿಮ್ಮ ಕಾಲದ ಹೆಂಗಸರು ಆ ಅಧ್ಯಯನಗಳಿಗೆ ಒಪ್ಪಿ ಸೇರಿದ್ದರಿಂದ ಗೊತ್ತಾದದ್ದು.

ಈಗ ಕೈಯ ಮಾತು. ಊತ ಹಳೆಯದಾದರೂ ಕೈ ಬಿಡಬೇಡಿ. ಬಿಗಿ ತೋಳುಚೀಲ ಇದ್ದರೆ ಅದು ಎಷ್ಟು ಹಳೆಯದು ನೋಡಿ. ಎಲಾಸ್ಟಿಕ್ ಸಡಿಲವಾದ ಚೀಲ ಹಾಕಿಯೂ ಹಾಕದಂತೆಯೇ, ಆರೇಳು ತಿಂಗಳಿಗೆ ಬದಲಾಯಿಸಬೇಕಾಗುತ್ತದೆ. ಊತ ನೋಡುವ ಫಿಸಿಯೋಥೆರಪಿಸ್ಟ್ ಹತ್ತಿರ ಹೊಸದಾಗಿ ಅಳತೆ ಕೊಡಿ. ಭಾರ ಎತ್ತಬೇಡಿ ಅಂತ ಆಗ ಹೇಳಿರುತ್ತಾರೆ. ಅದೂ ಬದಲಾಗಿದೆ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಊತ ಇದ್ದ ಹೆಂಗಸರಿಗೇ ತೋಳುಚೀಲ ಹಾಕಿಸಿ, ಹೇಳಿಕೊಡುವವರನ್ನು ಪಕ್ಕದಲ್ಲಿಟ್ಟು, ನಿಧಾನವಾಗಿ ತೂಕ ಎತ್ತಿಸಿದರು. ಊತ ಹೆಚ್ಚಲಿಲ್ಲ, ಕೈಗೆ ಬಲ ಬಂತು. ಹಾಗಾಗಿ ಆ ಕೈಯನ್ನು ಮಡಿಲಲ್ಲಿಟ್ಟು ಕೂರಬೇಡಿ, ಸಣ್ಣ ತೂಕದಿಂದ ಶುರು ಮಾಡಿ. ಮೈತೂಕ ಜಾಸ್ತಿ ಇದ್ದರೆ ಇಳಿಸಿದಷ್ಟೂ ಕೈಗೆ ಹಗುರ.

ಹೆದರಬೇಕಾದದ್ದು ಸೋಂಕಿಗೆ. ಉಗುರು ಕತ್ತರಿಸುವಾಗ, ಪಾತ್ರೆ ತಿಕ್ಕುವಾಗ, ಗಿಡದ ಕೆಲಸ ಮಾಡುವಾಗ ಸಣ್ಣ ಗೀರು ಬಿದ್ದರೂ ತೊಳೆದು ಮದ್ದು ಹಚ್ಚಿ. ಚರ್ಮ ಒಣಗಿ ಬಿರಿಯಲು ಬಿಡಬೇಡಿ, ರಾತ್ರಿ ಮಲಗುವಾಗ ಏನಾದರೂ ಸವರಿ. ಕೈ ದಿಢೀರನೆ ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅವತ್ತೇ ಆ್ಯಂಟಿಬಯಾಟಿಕ್ ಶುರುವಾಗಬೇಕು. ಇಷ್ಟು ವರ್ಷದ ಊತ ಇದ್ದಕ್ಕಿದ್ದಂತೆ ಹೆಚ್ಚಾದರೆ ಅಥವಾ ಚರ್ಮದ ಮೇಲೆ ನೇರಳೆ ಬಣ್ಣದ ಮಚ್ಚೆ ಎದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಸರ್ಜನ್‌ಗೆ ತೋರಿಸಿ. ಮತ್ತೆ, ಕೊನೆಯ ಸಲ ಕಂಕುಳನ್ನೂ ಇನ್ನೊಂದು ಸ್ತನವನ್ನೂ ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ ನೀವು ಬರೆದಿಲ್ಲ. ವರ್ಷ ದಾಟಿದ್ದರೆ ಈ ತಿಂಗಳೇ ಹೋಗಿ ಬನ್ನಿ.